ಹಳೇ ಸಬ್‌ಮರೀನಿಗೆ ಆ ಕಾಲದ್ದೇ ಮೀಟರು, ವಾಲ್ವ್, ದೀಪ: ಹುಡುಕಲು ಹೊರಡುವ ಮೊದಲು ತೂತಿನ ಅಳತೆ ತೆಗೆಯಿರಿ

1960ರ ದಶಕದ ಸೋವಿಯೆಟ್ ಸಬ್‌ಮರೀನು, ಈಗ ಮ್ಯೂಸಿಯಂ. ಒಂದು ಕಂಪಾರ್ಟ್‌ಮೆಂಟಿನ ಪ್ರೆಶರ್ ಮೀಟರು, ವಾಲ್ವಿನ ಚಕ್ರ, ದೀಪ, ಟೆಲಿಫೋನು ಕಾಣೆಯಾಗಿವೆ. ಎಲ್ಲವೂ ಅಪ್ಪಟ ಆ ಕಾಲದ್ದೇ ಬೇಕು, ಹಡಗು ಒಡೆಯುವ ಗುಜರಾತಿನ ಅಲಂಗಿಗೆ ಹೋಗುವುದೋ ಆನ್‌ಲೈನಿನಲ್ಲಿ ತರಿಸುವುದೋ ಎಂದು ಕೇಳಿದ್ದೀರಿ. ಉಪ್ಪಳದ ನಮ್ಮ ಲೇತ್ ವರ್ಕ್‌ಶಾಪಿಗೆ ಇಂಥದ್ದೇ ಒಂದು ಗೇಜ್ ಪ್ಯಾನೆಲ್ ಬಂದಾಗ ಅದರ ಜೊತೆಗೆ ಬಂದ ಪ್ರಶ್ನೆಯೂ ಇದೇ. ಎಲ್ಲಿ ಸಿಗುತ್ತದೆ ಎನ್ನುವುದು ಮೊದಲ ಪ್ರಶ್ನೆ ಅಲ್ಲವೇ ಅಲ್ಲ ಮಾರಾಯರೇ. ಖಾಲಿ ಬಿದ್ದ ಆ ತೂತು ಎಂಥದ್ದು, ಅದರ ಅಳತೆ ಎಷ್ಟು, ಮೊದಲು ಅದು ಗೊತ್ತಾಗಬೇಕು.

ಆ ಪ್ಯಾನೆಲಿನಲ್ಲಿ ಹಾಳಾದದ್ದು ಅಲ್ಲೇ. ಮೀಟರು ಕೂರುವ ಗನ್‌ಮೆಟಲ್ (ತಾಮ್ರ-ತವರದ ಮಿಶ್ರಲೋಹ) ಬ್ಲಾಕುಗಳು ಎಲ್ಲವೂ ಇದ್ದವು, ಹೋಗಿದ್ದದ್ದು ಮೀಟರು ಮಾತ್ರ. ಗುಜರಿಯಲ್ಲಿ ಚಂದದ ಹಳೇ ಮೀಟರುಗಳು ಸಿಕ್ಕಿದವು, ಅರ್ಧ ಇಂಚಿ ಥ್ರೆಡ್ಡಿನವು. ಅವು ಬ್ಲಾಕಿಗೆ ಹಿಡಿಯಲಿಲ್ಲ. ಬ್ಲಾಕನ್ನು ವೈಸಿಗೆ ಕಟ್ಟಿ ಅರ್ಧ ಇಂಚಿ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೆತ್ತುವ ಉಪಕರಣ) ಇಳಿಸಲಾಯಿತು. ಮೀಟರು ಸಮಾ ಕೂತಿತು. ಆಮೇಲೆ ನಿಜವಾದ ಸೋವಿಯೆಟ್ ಮೀಟರು ಸಿಕ್ಕಿ ಬಂದಾಗ ಅದಕ್ಕೆ ಕೂರಲು ಜಾಗವೇ ಉಳಿದಿರಲಿಲ್ಲ.

ಇದು ಯಾಕೆ ಆಗುತ್ತದೆ ಎಂದು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಲೇತಿನವರೂ ಇದನ್ನೇ ಮಾಡಲು ಹೊರಡುತ್ತಾರೆ. 100 ಮತ್ತು 160 ಮಿಲಿಮೀಟರ್ ಮುಖದ ಸೋವಿಯೆಟ್ ಪ್ರೆಶರ್ ಮೀಟರುಗಳ ಬುಡ ಸಾಮಾನ್ಯವಾಗಿ ಎಂ20×1.5, ಅಂದರೆ ಹೊರವ್ಯಾಸ 20 ಮಿಮೀ, ಪಿಚ್, ಅಂದರೆ ಥ್ರೆಡ್ಡಿನ ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ದೂರ, 1.5 ಮಿಮೀ. ಚಿಕ್ಕವುಗಳದ್ದು ಎಂ12×1.5. ನಮ್ಮ ಪೇಟೆಯಲ್ಲಿ ಸಿಗುವ ದೊಡ್ಡ ಮೀಟರು ಅರ್ಧ ಇಂಚಿ ಬಿಎಸ್‌ಪಿ, ಅಂದರೆ ಬ್ರಿಟಿಷ್ ಪೈಪ್ ಥ್ರೆಡ್ (ಅರ್ಧ ಇಂಚಿ ಎನ್ನುವುದು ಹೆಸರಿಗಷ್ಟೇ): ಹೊರವ್ಯಾಸ 20.955 ಮಿಮೀ, ಇಂಚಿಗೆ 14 ಸುತ್ತು, ಪಿಚ್ 1.814 ಮಿಮೀ. ಕಣ್ಣಿಗೆ ಎರಡೂ ಒಂದೇ. ಎಂ20×1.5 ಥ್ರೆಡ್ಡಿಗೆ ಕೊರೆಯುವ ತೂತು 18.5 ಮಿಮೀ. ಅರ್ಧ ಇಂಚಿ ಬಿಎಸ್‌ಪಿಯ ಒಳವ್ಯಾಸ 18.63. ಎರಡರ ನಡುವೆ ಕೂದಲೆಳೆಯ ಅಂತರ. ಹಾಗಾಗಿ ಅರ್ಧ ಇಂಚಿಯ ಟ್ಯಾಪು ಎಲ್ಲಿಯೂ ಬಿಗಿಯದೆ ಸಲೀಸಾಗಿ ಇಳಿಯುತ್ತದೆ, ಕೈಗೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಇಳಿಯುತ್ತಾ ಹಳೇ ಥ್ರೆಡ್ಡನ್ನು ಪೂರ್ತಿ ಕೆತ್ತಿ ಹಾಕುತ್ತದೆ. ಆಮೇಲೆ ಎಂ20ರ ಮೀಟರನ್ನು ಅದೇ ತೂತಿಗೆ ತಿರುಗಿಸಿದರೆ ಒಂದೆರಡು ಸುತ್ತು ಹೋಗಿ ಪಿಚ್ ಹೊಂದದೆ ನಿಲ್ಲುತ್ತದೆ. ಹಿಡಿದ ಹಾಗೆಯೇ ಅನ್ನಿಸುತ್ತದೆ, ಆದರೆ ಹಿಡಿದಿರುವುದಿಲ್ಲ. ಒಂದು ಕಿಲೋ ತೂಗುವ ಮೀಟರು ಯಾವ ಹೊತ್ತಿಗೂ ಜನರ ತಲೆ ಮೇಲೆ ಬೀಳಬಹುದು.

ಹಾಳಾದ ಮೇಲೆ ಉಳಿಯುವ ದಾರಿ ಬುಷ್ (ತೂತಿನೊಳಗೆ ಕೂರಿಸುವ ಕೊಳವೆಯ ತುಂಡು) ಒಂದೇ. ಬ್ಲಾಕಿನಲ್ಲಿ ಮಾಂಸ, ಅಂದರೆ ಲೋಹದ ದಪ್ಪ, ಇದ್ದರೆ ಎಂ27×1.5ಕ್ಕೆ ಬೋರ್ ಮಾಡಿ, ಒಳಗೆ ಎಂ20×1.5 ಇರುವ ಗನ್‌ಮೆಟಲ್ ಬುಷ್ ಕೂರಿಸುವುದು. ಎಂ24 ಸಾಲದು, ಹೊರಗಿನ ಥ್ರೆಡ್ ಕೆತ್ತಿದ ಮೇಲೆ ಗೋಡೆ ಒಂದು ಮಿಲಿಮೀಟರೇ ಉಳಿಯುತ್ತದೆ. ಬುಷ್ ಎಷ್ಟು ಚಂದ ಮಾಡಿದರೂ ಬ್ಲಾಕು ಇನ್ನು ಮೂಲದ್ದಲ್ಲ. ಸರಿಯಾದ ಕೆಲಸ ಇದರ ಕಾಲು ಭಾಗದಷ್ಟೂ ಇಲ್ಲ: ಬ್ಲಾಕನ್ನು ಮುಟ್ಟದೆ, ಒಂದು ತುದಿ ಹೊರ ಎಂ20×1.5, ಇನ್ನೊಂದು ತುದಿ ಒಳ ಅರ್ಧ ಇಂಚಿ ಇರುವ ಅಡಾಪ್ಟರ್ ನಿಪ್ಪಲ್ ತಿರುಗಿಸಿಕೊಡಿ ಎಂದು ಲೇತಿನವರಿಗೆ ಹೇಳುವುದು. ನಾಳೆ ಸರಿಯಾದ ಮೀಟರು ಸಿಕ್ಕಿದರೆ ಅಡಾಪ್ಟರ್ ಬಿಚ್ಚಿದರಾಯಿತು. ಹಡಗಿನ ಅಂಗಕ್ಕೆ ಎಂದೂ ಟ್ಯಾಪು, ಡ್ರಿಲ್ಲು ತಾಗಿಸಬೇಡಿ. ತಿದ್ದುವುದಿದ್ದರೆ ಹೊರಗಿಂದ ತಂದ ಸಾಮಾನನ್ನು ತಿದ್ದಿ.

ಟೆಫ್ಲಾನ್ ಟೇಪ್ ಸುತ್ತಿ ಬಿಗಿ ಮಾಡುವುದೂ ಬೇಡ. ಇದು ಸಮಾನಾಂತರ ಥ್ರೆಡ್, ಸೀಲ್ ಆಗುವುದು ಬುಡದಲ್ಲಿರುವ ಚಪ್ಪಟೆ ತಾಮ್ರದ ವಾಷರಿನಲ್ಲಿ, ಥ್ರೆಡ್ಡಿನಲ್ಲಲ್ಲ. ಹಳೇ ವಾಷರ್ ಗಟ್ಟಿಯಾಗಿದ್ದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ತಾಮ್ರ ಮೆತ್ತಗಾಗುತ್ತದೆ. ಪ್ರದರ್ಶನದ ಮೀಟರಿಗೆ ಪ್ರೆಶರ್ ಕೊಡುವ ಅಗತ್ಯವೇ ಇಲ್ಲ. ಸಿಕ್ಕಿದ ಮೀಟರನ್ನು ಕೂರಿಸುವವರೆಗೆ ಬುಡದ ರಂಧ್ರಕ್ಕೆ ಮುಚ್ಚಳ ಹಾಕಿಡಿ. ನಮ್ಮ ಕರಾವಳಿಯಲ್ಲಿ ತೆರೆದ ಪೈಪಿನ ಬಾಯಿ ಕಂಡಲ್ಲಿ ಕಣಜ ಮಣ್ಣು ಮೆತ್ತುತ್ತದೆ.

ಅಳತೆ ತೆಗೆಯುವುದು ಹೀಗೆ. ಹೊರ ಥ್ರೆಡ್ಡಿಗೆ ವರ್ನಿಯರ್ ಮತ್ತು ಪಿಚ್ ಗೇಜ್ ಸಾಕು. ಹತ್ತು ಸುತ್ತಿಗೆ 15 ಮಿಮೀ ಬಂದರೆ ಮೆಟ್ರಿಕ್, 18 ದಾಟಿದರೆ ಇಂಚಿಯದ್ದು. ಒಳ ಥ್ರೆಡ್ಡಿಗೆ ಸ್ವಲ್ಪ ಎಣ್ಣೆ ಸವರಿ, ಹಲ್ಲಿನ ಡಾಕ್ಟರು ಅಚ್ಚು ತೆಗೆಯುವ ಸಿಲಿಕೋನ್ ಪುಟ್ಟಿ ಒತ್ತಿ, ಗಟ್ಟಿಯಾದ ಮೇಲೆ ತಿರುಗಿಸಿ ತೆಗೆಯಿರಿ. ಥ್ರೆಡ್ಡಿನ ಪಡಿಯಚ್ಚು ಕೈಯಲ್ಲಿರುತ್ತದೆ.

ಇನ್ನು ಸಾಮಾನು ಹೋದ ಗೋಡೆಯನ್ನು ನೋಡಿ. ಟಾರ್ಚನ್ನು ಗೋಡೆಗೆ ಒರಗಿಸಿ ಅಡ್ಡ ಬೆಳಕು ಬಿಟ್ಟರೆ, ಅಲ್ಲಿ ಏನಿತ್ತೋ ಅದರ ಅಂಚು ಪೇಂಟಿನಲ್ಲಿ ಕಾಣುತ್ತದೆ. ಸಾಮಾನು ಬಿಚ್ಚದೆ ಅದರ ಸುತ್ತಲೇ ಬ್ರಷ್ ಆಡಿಸಿರುತ್ತಾರೆ, ಒಂದು ಪದರದ ಮೇಲೆ ಇನ್ನೊಂದು. ಒಳಗೆ ಹಳೇ ಬಣ್ಣ, ಅಂಚಿನಲ್ಲಿ ಪೇಂಟಿನ ದಪ್ಪ ಬದು. ಆ ಆಕಾರದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಸ್ಕ್ರೂ ತೂತಿನ ನಡುವಿನಿಂದ ನಡುವಿಗೆ ಎಷ್ಟು ದೂರ, ಸ್ಕ್ರೂವಿನ ಥ್ರೆಡ್ ಯಾವುದು, ಕೇಬಲ್ ಒಳಗೆ ಬರುವ ತೂತು ಎಷ್ಟು ದಪ್ಪ, ನೆಲದ ಪ್ಲೇಟಿನಿಂದ ಎಷ್ಟು ಎತ್ತರ, ಇಷ್ಟು ಬರೆದುಕೊಂಡರೆ ಗುಜರಿ ಅಂಗಡಿಯಲ್ಲಿ ಒಂದು ದೀಪ ಎತ್ತಿಕೊಂಡು ಇದು ಅದೇ ಹೌದೋ ಅಲ್ಲವೋ ಎಂದು ನಿಂತಲ್ಲೇ ಹೇಳಬಹುದು. ಅಂಗಡಿಯವರ ಮಾತು ಕೇಳುವ ಅಗತ್ಯವೇ ಬೀಳುವುದಿಲ್ಲ. ನಿವೃತ್ತ ಸಿಬ್ಬಂದಿಯ ಮನೆಯ ಆಲ್ಬಂ ಕೇಳಿ. ಅವರು ತೆಗೆದದ್ದು ಗೆಳೆಯರ ಫೋಟೊ, ನಿಮಗೆ ಬೇಕಾದದ್ದು ಅವರ ಹೆಗಲ ಹಿಂದಿನ ಗೋಡೆ.

ನಿಮ್ಮ "ಅಪ್ಪಟ ಆ ಕಾಲದ್ದೇ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಾವ ಕಾಲ? ವಿಶಾಖಪಟ್ಟಣದ ಆರ್‌ಕೆ ಬೀಚಿನಲ್ಲಿರುವ ಐಎನ್‌ಎಸ್ ಕುರ್ಸುರಾವನ್ನೇ ತೆಗೆದುಕೊಳ್ಳಿ: 1969ರ ಡಿಸೆಂಬರಿನಲ್ಲಿ ಸೇವೆಗೆ ಸೇರಿತು, 2001ರ ಫೆಬ್ರವರಿಯಲ್ಲಿ ನಿವೃತ್ತಿಯಾಯಿತು, 2002ರಲ್ಲಿ ಮ್ಯೂಸಿಯಂ ಆಯಿತು. ಮೂವತ್ತೊಂದು ವರ್ಷ ದುಡಿದ ಹಡಗಿನಲ್ಲಿ ಕೆಟ್ಟ ಮೀಟರಿನ ಜಾಗಕ್ಕೆ ಭಾರತದ್ದೇ ಮೀಟರು ಬಂದಿದ್ದರೆ ಅದು ಕಲಬೆರಕೆ ಅಲ್ಲ, ಅದರೊಂದಿಗೇ ಹಡಗು ಮುಳುಗಿ ಎದ್ದಿದೆ. ಅದನ್ನು ಕಿತ್ತು, ಎಲ್ಲೋ ಕಾರ್ಖಾನೆಯ ಗೋಡೆಯಲ್ಲಿದ್ದ 1968ರ ಸೋವಿಯೆಟ್ ಮೀಟರು ಹಾಕಿದರೆ ಒಳಗಿದ್ದ ನಿಜವನ್ನು ಹೊರಗೆ ಹಾಕಿದ ಹಾಗೆ. ಒಂದು ವರ್ಷ ನಿಗದಿ ಮಾಡಿ, ಕಾಗದದಲ್ಲಿ ಬರೆದಿಡಿ. ನನ್ನ ಅಭಿಪ್ರಾಯದಲ್ಲಿ ಅದು ಹಡಗು ಸಮುದ್ರದಲ್ಲಿದ್ದ ಕೊನೆಯ ವರ್ಷಗಳೇ ಆಗಬೇಕು, ಅದಕ್ಕೇ ಸಾಕ್ಷಿ ಹೆಚ್ಚು ಸಿಗುವುದು. 1964ರ ವೆನಿಸ್ ಸನ್ನದು ಹೇಳುವುದೂ ಇದನ್ನೇ: ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು.

ಕುರ್ಸುರಾದಂಥ ಸೋವಿಯೆಟ್ ಸಬ್‌ಮರೀನುಗಳ ಮಾದರಿಗೆ ಫಾಕ್ಸ್‌ಟ್ರಾಟ್ ಎಂದು ಹೆಸರು. ಫಾಕ್ಸ್‌ಟ್ರಾಟ್ ಎಂದ ಮಾತ್ರಕ್ಕೆ ಎಲ್ಲ ಒಂದೇ ಎಂದುಕೊಳ್ಳಲಿಕ್ಕಿಲ್ಲ. ಭಾರತಕ್ಕೆ ಬಂದದ್ದು ಎಂಟು. ಕಲ್ವರಿ, ಖಾಂದೇರಿ, ಕರಂಜ್, ಕುರ್ಸುರಾ 1967ರಿಂದ 1969ರೊಳಗೆ. ವೇಲಾ, ವಾಗಿರ್, ವಾಗ್ಲಿ, ವಾಗ್‌ಶೀರ್ 1973–74ರಲ್ಲಿ, ಸುಧಾರಿತ ರೂಪದಲ್ಲಿ. ಎರಡನೇ ತಂಡದ ಸಾಮಾನನ್ನು ಮೊದಲ ತಂಡದ ಹಡಗಿಗೆ ಹಾಕುವಾಗ ತೂತಿನ ಅಳತೆಯೇ ತೀರ್ಪು ಹೇಳಲಿ.

ಈಗ ಎಲ್ಲಿ ಸಿಗುತ್ತದೆ ಎನ್ನುವುದು. ಸಬ್‌ಮರೀನಿನ ಸಾಮಾನು ಸಬ್‌ಮರೀನಿನಲ್ಲಿಯೇ ಇರುತ್ತದೆ ಎಂಬ ಭ್ರಮೆ ಬಿಡಿ. ಮೀಟರು, ವಾಲ್ವ್, ಸ್ವಿಚ್ಚುಗಳನ್ನು ಸೋವಿಯೆಟ್ಟಿನವರು ಗಾಸ್ಟ್ ಎಂಬ ಸರಕಾರಿ ಮಾನಕದಂತೆ ಮಾಡುತ್ತಿದ್ದರು. ಅದೇ ಅಳತೆಯವು ಸರಕು ಹಡಗಿನಲ್ಲೂ ಇರುತ್ತವೆ, ಸೋವಿಯೆಟ್ ನೆರವಿನಲ್ಲಿ ಕಟ್ಟಿದ ಭಿಲಾಯಿ, ಬೊಕಾರೊ ಉಕ್ಕಿನ ಕಾರ್ಖಾನೆ, ನೆಯ್ವೇಲಿಯ ಮೊದಲ ಉಷ್ಣ ವಿದ್ಯುತ್ ಸ್ಥಾವರದಂಥ ಕಡೆಗಳಲ್ಲೂ ಇದ್ದವು. ಅಲ್ಲಿಂದ ಹೊರಬಿದ್ದ ಗುಜರಿಯಲ್ಲಿ ಮೀಟರು ಹುಡುಕುವುದು ಅಲಂಗಿನಲ್ಲಿ ಅಲೆಯುವುದಕ್ಕಿಂತ ಎಷ್ಟೋ ವಾಸಿ. ಕಾರ್ಖಾನೆಯ ಮೀಟರಿನ ಕವಚ ಹಡಗಿನದ್ದಕ್ಕಿಂತ ತೆಳು ಇರಬಹುದು, ಫೋಟೊದ ಜೊತೆ ಹೋಲಿಸಿ. ಅಲಂಗಿಗೆ ಹೋಗುವುದೇ ಆದರೆ ತ್ರಾಪಜ್ ಕಡೆಯ ರಸ್ತೆಯ ಅಂಗಡಿಗಳಲ್ಲಿ ದೀಪ, ಟೆಲಿಫೋನು, ಬಾಗಿಲಿನ ಹಿಡಿಗಳನ್ನು ನೋಡಿ. ನಮ್ಮ ಕಡೆಯವರಿಗೆ ಕಣ್ಣೂರಿನ ಅಳೀಕ್ಕಲ್‌ನ ಹಡಗು ಒಡೆಯುವ ಯಾರ್ಡು ಹತ್ತಿರ. ನೌಕಾಪಡೆಯ ಗುಜರಿ ಕೇಂದ್ರ ಸರಕಾರದ ಕಂಪನಿ ಎಂಎಸ್‌ಟಿಸಿಯ ಇ-ಹರಾಜಿನಲ್ಲಿ ಲಾಟ್ ಲೆಕ್ಕದಲ್ಲಿ ಹೋಗುತ್ತದೆ, ನಾಲ್ಕು ಮೀಟರಿಗಾಗಿ ಟನ್ನುಗಟ್ಟಲೆ ಕೊಳ್ಳಲಾಗುವುದಿಲ್ಲ. ಲಾಟ್ ಹಿಡಿದ ಗುಜರಿಯವರನ್ನು ವಿಚಾರಿಸಿ, ನೀವು ಪೆನ್ಸಿಲ್ ಉಜ್ಜಿ ತೆಗೆದ ಆಕಾರದ ಕಾಗದ ಕೊಟ್ಟು ಬನ್ನಿ.

ಆನ್‌ಲೈನಿನಲ್ಲಿ ಕೊಳ್ಳುವುದಾದರೆ ನಾಲ್ಕು ಫೋಟೊ ಕೇಳದೆ ಹಣ ಕೊಡಬೇಡಿ: ಎದುರಿನ ಮುಖ, ಹಿಂಭಾಗ, ವರ್ನಿಯರ್ ಹಿಡಿದ ಬುಡ, ಡಯಲಿನ ಕೆಳಗಿನ ಸಣ್ಣ ಅಕ್ಷರ. ಆ ಸಣ್ಣ ಅಕ್ಷರದಲ್ಲೇ ಕಾರ್ಖಾನೆಯ ಗುರುತು, ಕ್ರಮಸಂಖ್ಯೆ, ಹೆಚ್ಚಾಗಿ ವರ್ಷವೂ ಇರುತ್ತದೆ. ಪಂಚಕೋನದ ಸೋವಿಯೆಟ್ ಗುಣಮಟ್ಟದ ಮುದ್ರೆ ಕಂಡರೆ ಅದು 1967ಕ್ಕಿಂತ ಹಳೆಯದಲ್ಲ, ಆ ಮುದ್ರೆ ಶುರುವಾದದ್ದೇ ಆ ವರ್ಷ. ಫಳಫಳ ಹೊಳೆಯುವ ಹಿತ್ತಾಳೆ, ಮುಖದ ಮೇಲೆ ದೊಡ್ಡದಾಗಿ ಕೆತ್ತಿದ ಇಸವಿ, ಪ್ಲಸ್ ತಲೆಯ ಸ್ಕ್ರೂ ಕಂಡರೆ ಅದು ಶೋಕೇಸಿಗೆಂದು ಈಗ ಮಾಡಿದ್ದು.

ಕತ್ತಲಲ್ಲಿ ಹೊಳೆಯುವ ಅಂಕಿಗಳ ಮೀಟರು ಎಂದು ಮಾರುವವರ ಹತ್ತಿರ ಜಾಗ್ರತೆ. ಆ ಕಾಲದ ಹಳದಿ-ಕಂದು ಬಣ್ಣದ ಅಂಕಿಗಳಲ್ಲಿ ರೇಡಿಯಂ ಇರಬಹುದು. ಈಗ ಹೊಳೆಯುವುದಿಲ್ಲ, ಹಾಗಾಗಿ ಸತ್ತಿದೆ ಎಂದುಕೊಳ್ಳುತ್ತಾರೆ. ಸತ್ತದ್ದು ಜೊತೆಗಿದ್ದು ಬೆಳಕು ಕೊಡುತ್ತಿದ್ದ ಝಿಂಕ್ ಸಲ್ಫೈಡ್. ರೇಡಿಯಂ-226ರ ಅರ್ಧಾಯುಷ್ಯ 1,600 ವರ್ಷ, ಅದು ಇನ್ನೂ ಹಾಗೆಯೇ ಉಂಟು. ವಿಕಿರಣ ಪತ್ತೆ ಮಾಡುವ ಗೈಗರ್ ಕೌಂಟರ್ ಹಿಡಿದು ನೋಡುವವರೆಗೆ ಗಾಜು ಬಿಚ್ಚಬೇಡಿ, ಅಂಕಿ ಕೆರೆಯಬೇಡಿ, ಮುಚ್ಚಿದ ಕಪಾಟಿನಲ್ಲಿ ಒಟ್ಟು ಹಾಕಬೇಡಿ, ರೇಡಾನ್ ಅನಿಲ ಸೇರಿಕೊಳ್ಳುತ್ತದೆ. ಕೌಂಟರ್ ಸದ್ದು ಮಾಡಿದರೆ ಅಣುಶಕ್ತಿ ನಿಯಂತ್ರಣ ಮಂಡಳಿಗೆ ತಿಳಿಸಿ ಅವರು ಹೇಳಿದಂತೆ ಮಾಡಿ. ಪೈಪಿನ ಸುತ್ತು, ಹಳೇ ಗ್ಯಾಸ್ಕೆಟ್ಟಿನಲ್ಲಿ ಆಸ್ಬೆಸ್ಟಾಸ್, ಕೆಂಪು ಪ್ರೈಮರಿನಲ್ಲಿ ಸೀಸ ಇರಬಹುದು. ಒಣಗಿದ್ದನ್ನು ಗ್ರೈಂಡರ್ ಹಿಡಿದು ಉಜ್ಜಲೇಬಾರದು.

ಹಿತ್ತಾಳೆ ಕಂಡ ಕೂಡಲೇ ಹುಣಸೆಹುಳಿ ಹಾಕಿ ತಿಕ್ಕುವುದು ನಮ್ಮ ಅಭ್ಯಾಸ. ದೇವರ ದೀಪಕ್ಕೆ ಸರಿ, ಇದಕ್ಕೆ ಬೇಡ. ಹುಳಿ ಹಿತ್ತಾಳೆಯ ಸತುವನ್ನು ತಿಂದು ಮೇಲ್ಮೈಯನ್ನು ತಾಮ್ರದ ಹಾಗೆ ಗುಲಾಬಿ ಮಾಡುತ್ತದೆ, ಕೆತ್ತಿದ ಅಕ್ಷರದೊಳಗಿನ ಬಣ್ಣವನ್ನೂ ಎತ್ತುತ್ತದೆ. ಆ ಬಣ್ಣ ಹೋದರೆ ಮೂಲದ್ದು ಮತ್ತೆ ಬರುವುದಿಲ್ಲ. ಮೆದು ಸೋಪು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಮೆತ್ತನೆಯ ಬ್ರಷ್. ಉಪ್ಪು ಹೋಗುವವರೆಗೆ ನೀರು ಬದಲಿಸುತ್ತಾ ನೆನೆಸಿ, ಪೂರ್ತಿ ಒಣಗಿಸಿ, ಮೈಕ್ರೊಕ್ರಿಸ್ಟಲೈನ್ ಮೇಣ ಸವರಿ. ಮೀಟರನ್ನು ಮಾತ್ರ ನೆನೆಸಬೇಡಿ, ಒರೆಸಿ ಅಷ್ಟೇ.

ವಾಲ್ವಿನ ಚಕ್ರ ಸಿಗದಿದ್ದರೆ ಎರಕ ಹೊಯ್ಯಿಸಿ, ತಪ್ಪೇನಿಲ್ಲ. ಹಡಗಿನಲ್ಲಿ ಉಳಿದಿರುವ ಅಂಥದ್ದೇ ಇನ್ನೊಂದು ಮೂಲ ಚಕ್ರವನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದರೆ ಮಾತ್ರ ಬರುವುದು ಚಿಕ್ಕದು. ಲೋಹ ಆರುವಾಗ ಸುಮಾರು ಒಂದೂವರೆ ಶೇಕಡಾ ಕುಗ್ಗುತ್ತದೆ, 200 ಮಿಮೀ ಚಕ್ರ 197 ಆಗುತ್ತದೆ. ಅಚ್ಚನ್ನು ಅಷ್ಟು ದೊಡ್ಡದಾಗಿ ಮಾಡಿಸಿ, ನಡುವಿನ ಚೌಕ ತೂತನ್ನು ಎರಕದಲ್ಲಿ ಬಿಡದೆ ಆಮೇಲೆ ಅರದಲ್ಲಿ ತೆಗೆಯಿರಿ. ಪಯ್ಯನ್ನೂರು ಹತ್ತಿರ ಕುಂಞಿಮಂಗಲದಲ್ಲಿ ಮೂಶಾರಿಗಳು ಮೇಣದ ಅಚ್ಚಿನ ಎರಕದಲ್ಲಿ ಪಳಗಿದವರು. ಅವರಿಗೆ ಲೋಹ ಯಾವುದೆಂದು ಬಿಡಿಸಿ ಹೇಳಿ: ಪಾತ್ರೆ, ಗಂಟೆಯ ಕಂಚಿನಲ್ಲಿ ತವರ ಹೆಚ್ಚು, ಬಿದ್ದರೆ ಒಡೆಯುತ್ತದೆ. ವಾಲ್ವಿಗೆ ಬೇಕಾದದ್ದು ಗನ್‌ಮೆಟಲ್, ತಾಮ್ರ 88, ತವರ 10, ಸತು 2. ಹೊಸದಾಗಿ ಮಾಡಿದ ಪ್ರತಿಯೊಂದರ ಬೆನ್ನಿಗೂ "ಪ್ರತಿಕೃತಿ" ಎಂದು, ಜೊತೆಗೆ ಮಾಡಿದ ವರ್ಷ, 3 ಮಿಮೀ ಅಕ್ಷರದ ಪಂಚಿನಲ್ಲಿ ಹೊಡೆಯಿರಿ. ಎದುರಿನಿಂದ ಕಾಣಬೇಕಿಲ್ಲ, ಬಿಚ್ಚಿದವರಿಗೆ ಗೊತ್ತಾದರೆ ಸಾಕು.

ದೀಪಕ್ಕೆ ಹಳೇ ವೈರಿನಲ್ಲಿ 230 ವೋಲ್ಟ್ ಕೊಡಬೇಡಿ. ಹೋಲ್ಡರ್ ಬಿಚ್ಚದೆ ಗಾಜಿನೊಳಗೆ 24 ವೋಲ್ಟಿನ ಹಳದಿ ಎಲ್‌ಇಡಿ ಇಟ್ಟು, ಹೊಸ ವೈರನ್ನು ಕೇಬಲ್ ಒಳಗೆ ಬರುವ ಹಳೇ ಗ್ಲ್ಯಾಂಡಿನ ಮೂಲಕವೇ ತನ್ನಿ.

ಟೆಲಿಫೋನು ಸಿಗುವುದು ಎಲ್ಲಕ್ಕಿಂತ ಕಷ್ಟ. ಸೋವಿಯೆಟ್ ಫೋನೆಂದು ಮಾರುವ ಹೆಚ್ಚಿನವು ಮನೆ, ಆಫೀಸಿನವು. ಹಡಗಿನದ್ದಕ್ಕೆ ಅಲೆಗೆ ಹ್ಯಾಂಡ್‌ಸೆಟ್ ಬೀಳದಂತೆ ಹಿಡಿಯುವ ಕ್ಲಿಪ್ಪು, ಹಿಡಿಯಲ್ಲಿ ಒತ್ತಿ ಮಾತಾಡುವ ಗುಂಡಿ ಇರುತ್ತದೆ. ಅದು ಸಿಗದಿದ್ದರೆ ಮನೆಯ ಫೋನು ತಂದು ತೂಗುಹಾಕಬೇಡಿ. ಬ್ರಾಕೆಟ್ಟನ್ನು ಖಾಲಿ ಬಿಟ್ಟು, ಇಲ್ಲಿ ಟೆಲಿಫೋನು ಇತ್ತು ಎಂದು ಹಳೇ ಫೋಟೊದ ಜೊತೆ ಒಂದು ಸಾಲು ಬರೆದು ಅಂಟಿಸಿ.