ನಾಯಿಗಿದೆ ಲಸಿಕೆ, ಯಜಮಾನರಿಗೆ ಯಾಕಿಲ್ಲ?

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಇಂಜೆಕ್ಷನ್ ವಿಷಯವೇ. ನಾನು 31 ವರ್ಷ ಮಲೆನಾಡಿನಲ್ಲಿ ದನ, ನಾಯಿ, ಕುರಿಗಳಿಗೆ ಸೂಜಿ ಚುಚ್ಚಿ ನಿವೃತ್ತನಾದವನು. ಮನುಷ್ಯರಿಗೆ ಔಷಧಿ ಬರೆಯುವ ಹಕ್ಕು ನನಗಿಲ್ಲ. ಆ ಭಾಗಕ್ಕೆ ನಿಮ್ಮ ಡಾಕ್ಟರೇ ಗತಿ. ಉಳಿದದ್ದನ್ನು ಗೊತ್ತಿದ್ದಷ್ಟು ಹೇಳುತ್ತೇನೆ.

ಪ್ರಶ್ನೆ: ಹೊಸದಾಗಿ ತಂದ ನಾಯಿಮರಿಗೆ ಇಂಜೆಕ್ಷನ್ ಹಾಕಿಸಿದೆವು. ಇಲಿಜ್ವರಕ್ಕೂ ಇದರಲ್ಲೇ ಸೇರಿದೆ ಎಂದರು. ನಮ್ಮ ಯಜಮಾನರು ಹೋದ ಮಳೆಗಾಲ ನಾಟಿ ಮುಗಿಸಿದ ಮೇಲೆ ಇಲಿಜ್ವರ ಬಂದು 9 ದಿನ ಆಸ್ಪತ್ರೆಯಲ್ಲಿದ್ದರು. ಮನುಷ್ಯರಿಗೆ ಅದಕ್ಕೆ ಲಸಿಕೆ ಇಲ್ಲವಂತೆ. ಇದ್ಯಾವ ನ್ಯಾಯ? ನಾಯಿಯದನ್ನೇ ಸ್ವಲ್ಪ ಕೊಟ್ಟರೆ ಆಗಲ್ವಾ?
— ಗೃಹಿಣಿ, ತೀರ್ಥಹಳ್ಳಿ ಕಡೆ

ಉತ್ತರ: ನಗಬೇಡಿ, ಇದನ್ನು ನನಗೆ ಕೇಳಿದವರಲ್ಲಿ ನೀವು ಮೊದಲಿನವರಲ್ಲ.

ಇಲಿಜ್ವರ ಅಂತ ಹೆಸರು ಒಂದೇ. ಆದರೆ ಅದನ್ನು ತರುವ ಲೆಪ್ಟೊಸ್ಪೈರಾ ಎಂಬ ರೋಗಾಣುವಿನಲ್ಲಿ 250ಕ್ಕೂ ಜಾಸ್ತಿ ಬಗೆಗಳಿವೆ. ಒಂದು ಬಗೆಗೆ ಮಾಡಿದ ಲಸಿಕೆ ಇನ್ನೊಂದನ್ನು ಸರಿಯಾಗಿ ತಡೆಯುವುದಿಲ್ಲ. ನಾಯಿಯ ಲಸಿಕೆಯಲ್ಲಿ ಹಿಂದಿನಿಂದ ಇರುವುದು ಎರಡು ಬಗೆ, ಕೆಲವದರಲ್ಲಿ ನಾಲ್ಕು. ಅದರ ಬಲವೂ ಸುಮಾರು ಒಂದು ವರ್ಷ. ಅದಕ್ಕೇ ವರ್ಷ ವರ್ಷ ಹಾಕಿಸಿ ಅನ್ನುವುದು. ಕ್ಯೂಬಾ, ಚೀನಾ, ಫ್ರಾನ್ಸ್‌ನಲ್ಲಿ ಮನುಷ್ಯರಿಗೂ ಲಸಿಕೆ ಮಾಡಿದ್ದಾರೆ. ಫ್ರಾನ್ಸಿನದು ಚರಂಡಿ ಕೆಲಸದವರಂಥವರಿಗೆ. ಅದು ಕೂಡ ರೋಗಾಣುವಿನ ಒಂದೇ ಗುಂಪಿಗೆ. ನಮ್ಮ ದೇಶದಲ್ಲಿ ಮನುಷ್ಯರಿಗೆ ಅಂಥದ್ದು ಸಿಗುವುದಿಲ್ಲ.

ಇನ್ನು ನಾಯಿಯದನ್ನೇ ಕೊಡುವ ಮಾತು. ಬೇಡವೇ ಬೇಡ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

2003ರ ಸುಮಾರಿಗೆ ಒಬ್ಬರ ಕೊಟ್ಟಿಗೆಯಲ್ಲಿ ಹೆಣ್ಣುಕರುಗಳಿಗೆ ಬ್ರುಸೆಲ್ಲಾ ಲಸಿಕೆ ಹಾಕುತ್ತಿದ್ದೆ. ದನ ಕಂದು ಹಾಕುವ (ಗರ್ಭಪಾತವಾಗುವ) ರೋಗಕ್ಕೆ 4ರಿಂದ 8 ತಿಂಗಳ ಹೆಣ್ಣುಕರುವಿಗೆ ಹಾಕುವ ಲಸಿಕೆ ಅದು. ಐದನೇ ಕರು ಒದೆಯಿತು. ಸೂಜಿ ನನ್ನ ಎಡಗೈ ಹೆಬ್ಬೆರಳಿಗೆ ಇಳಿಯಿತು. ಒಂದು ಹನಿ ರಕ್ತ. ಬಚ್ಚಲಿಗೆ ಹೋಗಿ ಸೋಪು ಹಚ್ಚಿ ತೊಳೆದು ಬಂದು, 'ಮುಂದಿನ ಕರು ಹಿಡ್ಕೊಳ್ಳಿ' ಅಂದೆ. ಅಷ್ಟು ಧಿಮಾಕು. ಆ ಲಸಿಕೆಯಲ್ಲಿ ಇರುವುದು ಜೀವಂತ ರೋಗಾಣು ಅಂತ ಓದಿಯೇ ಡಾಕ್ಟರಾದವನು ನಾನು!

ಮೂರನೇ ವಾರ ಸಂಜೆಯಾದರೆ ಜ್ವರ. ರಾತ್ರಿ ಬನಿಯನ್ ಹಿಂಡಿದರೆ ನೀರು ಬರುವಷ್ಟು ಬೆವರು. ಬೆಳಗ್ಗೆ ಏನೂ ಇಲ್ಲ, ಸುಮ್ನೆ ಸೊಂಟ ನೋವು. ಮಲೇರಿಯಾ, ಟೈಫಾಯ್ಡ್ ಅಂತ ಹದಿನೈದು ದಿನ ಹೋಯಿತು. ಹೆಬ್ಬೆರಳಿನ ಕಥೆ ನೆನಪಿಗೆ ಬಂದದ್ದು ನನ್ನ ಹೆಂಡತಿಗೆ. ಆಮೇಲೆ ಆರು ವಾರ ಎರಡು ಬಗೆ ಮಾತ್ರೆ. ಅದರಲ್ಲೊಂದು ಮೂತ್ರವನ್ನು ಕಿತ್ತಳೆ ಬಣ್ಣ ಮಾಡುವಂಥದ್ದು. ಚುಚ್ಚಿದ ದಿನವೇ ಹೋಗಿ ಹೇಳಿದ್ದರೆ ಜ್ವರ ಬರುವ ಮುಂಚೆಯೇ ಮಾತ್ರೆ ಶುರು ಮಾಡುತ್ತಿದ್ದರು.

ನಾಯಿಯ ಇಲಿಜ್ವರದ ಲಸಿಕೆಯಲ್ಲಿ ಇರುವುದು ಸತ್ತ ರೋಗಾಣು, ನಿಜ. ಆದರೆ ಅದರ ಜೊತೆ ಅದೇ ಸಿರಿಂಜಿನಲ್ಲಿ ನಾಯಿಯ ಬೇರೆ ರೋಗಗಳಾದ ಪಾರ್ವೊ, ಡಿಸ್ಟೆಂಪರ್‌ನ ಜೀವಂತ ವೈರಸ್ ಬೆರೆತಿರುತ್ತದೆ. ಮನುಷ್ಯರ ಮೇಲೆ ಅದನ್ನು ಪರೀಕ್ಷೆ ಮಾಡಿದವರಿಲ್ಲ.

ನಿಮ್ಮ ಯಜಮಾನರಿಗೆ ಒಂದು ಸಲ ಬಂದು ಹೋಗಿದೆ ಅಂತ ಧೈರ್ಯ ಬೇಡ. ಬೇರೆ ಬಗೆಯದು ಮತ್ತೆ ಬರಬಹುದು. ಕಾಲಲ್ಲಿ ಗಾಯ, ಕೆಸರು ಹುಣ್ಣು ಇದ್ದರೆ ಗದ್ದೆಗೆ ಇಳಿಯುವುದು ಬೇಡ, ಇಳಿಯಲೇಬೇಕಾದರೆ ಗಮ್‌ಬೂಟು ಹಾಕಲಿ. ನಾಟಿಯ ದಿನಗಳಲ್ಲಿ ವಾರಕ್ಕೊಮ್ಮೆ ತೆಗೆದುಕೊಳ್ಳುವ ಡಾಕ್ಸಿಸೈಕ್ಲಿನ್ ಮಾತ್ರೆ ಇದೆ. ಅವರಿಗೆ ಆಗುತ್ತದೋ ಇಲ್ಲವೋ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ನಾಯಿಗೆ ಮಾತ್ರ ತಪ್ಪಿಸಬೇಡಿ. ಇಲಿಜ್ವರ ಬಂದ ನಾಯಿಯ ಮೂತ್ರದಿಂದಲೂ ಮನೆಯವರಿಗೆ ಅಂಟುತ್ತದೆ.

ಪ್ರಶ್ನೆ: ಮಂಗನ ಕಾಯಿಲೆಗೆ ಮುಂಚೆ ಮನೆ ಬಾಗಿಲಿಗೆ ಬಂದು ಲಸಿಕೆ ಹಾಕುತ್ತಿದ್ದರು. ಈಗ ಕೇಳಿದರೆ ಇಲ್ಲ ಅಂತಾರೆ. ಇದ್ದ ಲಸಿಕೆ ಮಾಯವಾಗುವುದು ಅಂದರೆ ಏನು?
— ಕೃಷಿಕ, ಸೊರಬ ತಾಲ್ಲೂಕು

ಉತ್ತರ: ನಿಮ್ಮ ಸಿಟ್ಟು ಸರಿಯಾದದ್ದೇ. 1957ರಲ್ಲಿ ಈ ರೋಗ ಪತ್ತೆಯಾದ ಕ್ಯಾಸನೂರು ಕಾಡು ನಿಮ್ಮ ತಾಲ್ಲೂಕಿನದು. ಊರಿನ ಹೆಸರನ್ನೇ ಜಗತ್ತು ರೋಗಕ್ಕೆ ಇಟ್ಟಿತು.

ಒಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ನಿಮಗೆ ಹಾಕುತ್ತಿದ್ದ ಆ ಲಸಿಕೆ ತಯಾರಾಗುತ್ತಿದ್ದುದು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ. ದನದ ಗಳಲೆ ರೋಗ, ಚಪ್ಪೆ ಬೇನೆಗೆ ಲಸಿಕೆ ಮಾಡುವ ಜಾಗವೂ ಅದೇ. ಕೋಳಿಮೊಟ್ಟೆಯ ಭ್ರೂಣದ ಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್ ಹಾಕಿ ಸಾಯಿಸಿ ಮಾಡುವ ಹಳೇ ಕಾಲದ ಕ್ರಮ. ದೊಡ್ಡ ಕಂಪನಿಗಳಿಗೆ ಇದರಲ್ಲಿ ಆಸಕ್ತಿ ಇರಲಿಲ್ಲ. ಪಶ್ಚಿಮ ಘಟ್ಟದ ಕೆಲವು ಜಿಲ್ಲೆಗಳ ರೋಗಕ್ಕೆ ಎಷ್ಟು ಜನ ಗಿರಾಕಿ ಸಿಗುತ್ತಾರೆ, ಹೇಳಿ?

ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಕೈ ಸಿಕ್ಕಾಪಟ್ಟೆ ನೋಯುತ್ತಿತ್ತು. ಹಾಗಾಗಿ ಒಂದು ಹಾಕಿಸಿಕೊಂಡವರು ಎರಡನೆಯದಕ್ಕೆ ತೋಟದ ಹಿಂದೆ ಅಡಗುತ್ತಿದ್ದರು. ಆಶಾ ಕಾರ್ಯಕರ್ತೆಯರು ಹುಡುಕಿಕೊಂಡು ಹೋದದ್ದನ್ನು ನಾನೇ ನೋಡಿದ್ದೇನೆ. 2005ರಿಂದ 2010ರ ಲೆಕ್ಕ ಹಾಕಿದಾಗ ಎರಡು ಡೋಸಿನ ರಕ್ಷಣೆ ನೂರಕ್ಕೆ 62ರಷ್ಟು, ಬೂಸ್ಟರ್ ಸೇರಿದರೆ 83ರಷ್ಟು ಅಂತ ಬಂತು. ಆಮೇಲೆ ಲಸಿಕೆಯ ಸತ್ವವೇ ಸಾಲದು ಎಂದು ಕಂಡು 2022ರಲ್ಲಿ ಹಾಕುವುದನ್ನು ನಿಲ್ಲಿಸಿದರು. ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳಲಾರೆ. ಬಲವಿಲ್ಲದ ಲಸಿಕೆ ಹಾಕಿಸಿಕೊಂಡು ಧೈರ್ಯವಾಗಿ ಕಾಡಿಗೆ ಹೋಗುವುದು ಇನ್ನೂ ಅಪಾಯ. ಆದರೆ ಹೊಸದು ಕೈಗೆ ಬರುವ ಮೊದಲು ಹಳೆಯದು ಹೋಯಿತಲ್ಲ, ಹೊಟ್ಟೆ ಉರಿಯುವುದು ಅದಕ್ಕೆ. ಹೊಸ ಲಸಿಕೆಯ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಕಂಪನಿ ಸೇರಿ ಮಾಡುತ್ತಿವೆ.

ಅಲ್ಲಿಯತನಕ ಈ ರೋಗ ಹರಡುವ ಉಣುಗು ಕಚ್ಚದಂತೆ ಹಚ್ಚುವ ಡೇಪಾ ಎಣ್ಣೆಯೇ ಗತಿ. ದರಕು (ಒಣಗಿದ ಎಲೆ) ಗುಡಿಸಲು, ಸೊಪ್ಪಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿ, ವಾಪಸ್ ಬಂದು ಬಿಸಿನೀರು ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಕಾಡಿಗೆ ಮೇಯಲು ಹೋದ ದನ ಉಣುಗನ್ನು ಕೊಟ್ಟಿಗೆಗೆ ತರುತ್ತದೆ. ಅದಕ್ಕೂ ಪಶು ಆಸ್ಪತ್ರೆಯಲ್ಲಿ ಔಷಧಿ ಕೇಳಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಸತ್ತ ಮಂಗನ ಮೈಯಿಂದ ಇಳಿದ ಉಣುಗು ಅಲ್ಲೇ ಸುತ್ತಮುತ್ತ ಕಾಯುತ್ತಿರುತ್ತದೆ.

ಪ್ರಶ್ನೆ: ಒಂದೇ ರೋಗಕ್ಕೆ ನಾಯಿಮರಿಗೆ ಮೂರು ಸಲ ಚುಚ್ಚುವುದು ಯಾಕೆ? ದುಡ್ಡಿಗಾಗಿ ಅಲ್ವಾ?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ಅಲ್ಲ ಮಾರಾಯ. ಮರಿ ಹುಟ್ಟಿದಾಗ ಕುಡಿಯುವ ಗಿಣ್ಣುಹಾಲಿನಲ್ಲಿ ತಾಯಿಯ ರಕ್ಷಣೆ ಇಳಿದು ಬರುತ್ತದೆ. ಆ ರಕ್ಷಣೆ ರೋಗವನ್ನೂ ತಡೆಯುತ್ತದೆ, ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಅದು ಒಂದು ಮರಿಯಲ್ಲಿ 8 ವಾರಕ್ಕೆ ಮುಗಿಯಬಹುದು, ಇನ್ನೊಂದರಲ್ಲಿ 14 ವಾರಕ್ಕೆ. ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ. ಅದಕ್ಕೇ 6–8 ವಾರದಿಂದ ಶುರುಮಾಡಿ, 3–4 ವಾರಕ್ಕೊಂದರಂತೆ 16 ವಾರದವರೆಗೆ ಹಾಕುವುದು. ಮೊದಲ ಇಂಜೆಕ್ಷನ್ ಆಯಿತು ಅಂತ ಮರಿಯನ್ನು ರಸ್ತೆಗೆ ಬಿಟ್ಟು, ಪಾರ್ವೊ ಬಂದು ರಕ್ತಭೇದಿಯಾದ ಮೇಲೆ ಹೊತ್ತುಕೊಂಡು ಬರುವವರನ್ನು ತುಂಬ ನೋಡಿದ್ದೇನೆ. ಆಗ ಡ್ರಿಪ್‌ಗೆ ಆಗುವ ಖರ್ಚಿನಲ್ಲಿ ಹತ್ತು ಮರಿಗೆ ಲಸಿಕೆ ಹಾಕಬಹುದು.

ಪ್ರಶ್ನೆ: ಮಗಳು ಜರ್ಮನಿಯಲ್ಲಿದ್ದಾಳೆ. ಇಲ್ಲಿ ಬಿಟ್ಟುಹೋದ ಬೆಕ್ಕನ್ನು ಮುಂದಿನ ತಿಂಗಳು ಕರೆದುಕೊಂಡು ಹೋಗುತ್ತಾಳಂತೆ. ರೇಬೀಸ್ ಇಂಜೆಕ್ಷನ್ ಹಾಕಿಸಿದರೆ ಸಾಕಾ?
— ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಮುಂದಿನ ತಿಂಗಳು ಆಗಲ್ಲ, ಟೀಚರ್. ಮೊದಲು ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ. ಹಿಂದುಮುಂದಾದರೆ ಲಸಿಕೆ ಲೆಕ್ಕಕ್ಕಿಲ್ಲ. ಲಸಿಕೆಯಾಗಿ 30 ದಿನ ಕಳೆದ ಮೇಲೆ ರಕ್ತ ತೆಗೆದು, ಯುರೋಪಿಯನ್ ಒಕ್ಕೂಟ ಒಪ್ಪಿದ ಲ್ಯಾಬಿಗೆ ಕಳಿಸಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ನಾಲ್ಕು ತಿಂಗಳ ಮೇಲೆ ಟಿಕೆಟ್ ನೋಡಲು ಹೇಳಿ.

ಪ್ರಶ್ನೆ: ಮನೆಯ ಬೆಕ್ಕು 8 ವರ್ಷದ ಮಗಳ ಕೈ ಪರಚಿ ರಕ್ತ ಬಂತು. ಅಜ್ಜಿ ಅರಿಶಿನ ಒತ್ತಿದರು. ಹತ್ತಿರದ ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಖಾಲಿ, ನಾಳೆ ಬನ್ನಿ ಎಂದರು. ಬೆಕ್ಕಿಗೂ ಹಾಕಿಸಿಲ್ಲ. ಬೆಕ್ಕಿನದು ನಮ್ಮೂರಲ್ಲಿ ಸಿಗುವುದೇ ಇಲ್ಲ. ಏನು ಮಾಡಲಿ?
— ತಂದೆ, ಹಾವೇರಿ ಜಿಲ್ಲೆ

ಉತ್ತರ: ನಿಮಗೆ ಅವತ್ತೇ ಫೋನ್ ಮಾಡಿ ಹೇಳಿದ್ದೇನೆ. ಬೇರೆಯವರಿಗೂ ಬೇಕಾಗುತ್ತದೆಂದು ಬರೆಯುತ್ತಿದ್ದೇನೆ.

ಖಾಲಿ ಅಂದರೆ ಮನೆಗೆ ಬರಬೇಡಿ. ಅಲ್ಲಿಂದಲೇ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಅಲ್ಲೂ ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಗೆ. ಅದಕ್ಕೂ ಮೊದಲು ನಲ್ಲಿ ಬಿಟ್ಟು, ಸೋಪು ಹಚ್ಚಿ 15 ನಿಮಿಷ ಗಾಯ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಹದಿನೈದು ನಿಮಿಷ ತುಂಬ ಉದ್ದ. ಅರಿಶಿನ, ಸುಣ್ಣ, ಕಾರದಪುಡಿ ಯಾವುದೂ ಬೇಡ. ರಕ್ತ ಬಂದಿದೆ ಅಂದಮೇಲೆ ಲಸಿಕೆಯ ಜೊತೆಗೆ ಗಾಯಕ್ಕೇ ಹಾಕುವ ಇಮ್ಯುನೊಗ್ಲಾಬುಲಿನ್ (ಸಿದ್ಧ ಪ್ರತಿಕಾಯದ ಔಷಧಿ) ಕೂಡ ಬೇಕು, ಅದನ್ನು ಬಾಯಿಬಿಟ್ಟು ಕೇಳಿ. ಹಲವು ಕಡೆ ನಿಜವಾಗಿ ಇಲ್ಲದಿರುವುದು ಅದೇ. ಲಸಿಕೆಯನ್ನು ಚರ್ಮದ ಪದರಕ್ಕೆ ಕೊಡುವ ಕ್ರಮದಲ್ಲಿ ಮೊದಲ ದಿನ, ಆಮೇಲೆ 3, 7, 28ನೇ ದಿನ. ಸ್ನಾಯುವಿಗಾದರೆ 14ನೇ ದಿನವೂ ಸೇರುತ್ತದೆ. ಅಜ್ಜಿ ಹೇಳುವ ಹೊಟ್ಟೆಯ 14 ಇಂಜೆಕ್ಷನ್ ಕುರಿಯ ಮೆದುಳಿನಿಂದ ಮಾಡುತ್ತಿದ್ದ ಲಸಿಕೆಯದು. 2005ರಿಂದ ಅದು ನಮ್ಮ ದೇಶದಲ್ಲಿಲ್ಲ. ಬೆಕ್ಕನ್ನು ಓಡಿಸಬೇಡಿ, 10 ದಿನ ಕಣ್ಣಳತೆಯಲ್ಲಿಡಿ. ಅದು ಚೆನ್ನಾಗಿದೆ ಅಂತ ಮಗುವಿನ ಲಸಿಕೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಬೆಕ್ಕಿನ ರೇಬೀಸ್ ಲಸಿಕೆ ಅಂತ ಬೇರೆ ಹುಡುಕಬೇಕಿಲ್ಲ. ನಾಯಿಗೆ ಹಾಕುವುದೇ ಬೆಕ್ಕಿಗೂ ಆಗುತ್ತದೆ, ಮೂರು ತಿಂಗಳು ತುಂಬಿರಬೇಕು. ಪಶು ಆಸ್ಪತ್ರೆಯಲ್ಲಿ ಇಲ್ಲ ಅಂದರೆ ಇನ್ನೊಂದು ಪ್ರಶ್ನೆ ಕೇಳಿ: 'ಹತ್ತು ಡೋಸಿನ ಬಾಟಲಿ ಇದೆಯಾ?' ಎಷ್ಟೋ ಸಲ ಫ್ರಿಜ್ಜಿನಲ್ಲಿ ಅದು ಇರುತ್ತದೆ. ಒಂದು ಬೆಕ್ಕಿಗೆ ಒಡೆದರೆ ಉಳಿದ ಒಂಬತ್ತು ಚೆಲ್ಲಬೇಕು, ಅದಕ್ಕೇ 'ಇಲ್ಲ' ಅನ್ನುತ್ತಾರೆ. ನಾನೂ ಅಂದಿದ್ದೇನೆ. ಬೀದಿಯ ನಾಯಿಬೆಕ್ಕುಗಳನ್ನೆಲ್ಲ ಸೇರಿಸಿ ಹತ್ತು ಮಾಡಿಕೊಂಡು ಬರುತ್ತೇವೆ, ದಿನ ಹೇಳಿ ಅನ್ನಿ. ಬಾಟಲಿ ಹೊರಗೆ ಬರುತ್ತದೆ.

ಪೇಟೆಯ ಮೆಡಿಕಲ್ ಶಾಪಿನಿಂದ ನೀವೇ ತರುವುದಾದರೆ ಥರ್ಮಾಸ್‌ನಲ್ಲಿ ತನ್ನಿ. 2ರಿಂದ 8 ಡಿಗ್ರಿಯ ಒಳಗಿರಬೇಕು. ಹಾಗಂತ ಐಸ್‌ಗೆ ತಾಗಿಸಿ ಇಡಬೇಡಿ, ಹೆಪ್ಪುಗಟ್ಟಿದರೂ ಕೆಟ್ಟಂತೆಯೇ. ಬಾಟಲಿಗೆ ಹಳೇ ಪೇಪರ್ ಸುತ್ತಿ ಇಟ್ಟರೆ ಸರಿ.