ಶಿಕಾಗೋ ಹತ್ತಿರ ಇದ್ದೇವೆ, ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಪ್ರೇರಿ (ಇಲ್ಲಿನ ಸಹಜ ಹುಲ್ಲುಗಾವಲು) ವಾಕ್‌ಗೆ ಕರೆದುಕೊಂಡು ಹೋಗಬಹುದಾ? ಹುಲ್ಲು ನೋಡೋಕೆ ಗೈಡ್ ಯಾಕೆ ಬೇಕು?

ಖಂಡಿತ ಕರೆದುಕೊಂಡು ಹೋಗಿ. ಮೊದಲ ಸಲ ಆದರೆ ಗೈಡ್ ಇರುವ ವಾಕ್‌ಗೇ ಹೋಗಿ. ಪ್ರೇರಿಯಲ್ಲಿ ನೋಡಬೇಕಾದದ್ದರಲ್ಲಿ ಅರ್ಧ ನೆಲದ ಒಳಗಿದೆ, ಇನ್ನರ್ಧ ಹುಲ್ಲಿನ ನಡುವೆ ಅಡಗಿದೆ. ಗೊತ್ತಿರುವವರು ಜೊತೆಗಿಲ್ಲದಿದ್ದರೆ ಹತ್ತು ನಿಮಿಷಕ್ಕೇ "ಸರಿ, ಹೊರಡೋಣ್ವಾ?" ಅನ್ನಿಸಿಬಿಡುತ್ತದೆ.

ನಾನೂ ಈ ಕಡೆಯೇ ಇರೋದು, ಬೇಸಿಗೆ ಬಂತೆಂದರೆ ಇಂಥ ವಾಕ್‌ಗಳಿಗೆ ಹೋಗುತ್ತಿರುತ್ತೇನೆ. ಅಪ್ಪ ಅಮ್ಮನ ಜೊತೆ ಹೋಗೋಕೆ ನನ್ನ ಮೊದಲ ಆಯ್ಕೆ ಲೈಲ್ ಊರಿನ ಮಾರ್ಟನ್ ಆರ್ಬೊರೇಟಂ ಎಂಬ ಮರಗಳ ತೋಟದ ಒಳಗಿನ ಶೂಲೆನ್‌ಬರ್ಗ್ ಪ್ರೇರಿ. ರೇ ಶೂಲೆನ್‌ಬರ್ಗ್ ಎಂಬ ಸಸ್ಯತಜ್ಞರು 1962ರಲ್ಲಿ ಇದನ್ನು ಶುರು ಮಾಡಿದರು. ಅದು ಉತ್ತು ಬಿಟ್ಟಿದ್ದ ಹಳೆಯ ಹೊಲ. ಸುತ್ತಮುತ್ತ ಉಳಿದಿದ್ದ ತುಂಡು ಪ್ರೇರಿಗಳಿಂದ ಬೀಜ ತಂದು, ಸಸಿ ಮಾಡಿ, ಕೈಯಿಂದಲೇ ನೆಟ್ಟು ಬೆಳೆಸಿದ್ದು.

ಅಲ್ಲಿ ಗೈಡ್ ಮೊದಲು ನಿಲ್ಲಿಸುವುದು ಸಾಮಾನ್ಯವಾಗಿ ಕಂಪಾಸ್ ಪ್ಲಾಂಟ್ ಹತ್ತಿರ. ಆಳೆತ್ತರಕ್ಕೂ ಮೀರಿ ಬೆಳೆಯುತ್ತದೆ, ಸೂರ್ಯಕಾಂತಿಯ ಬಳಗದ ಹಳದಿ ಹೂವು. ಬುಡದ ಎಲೆಗಳನ್ನು ನೋಡಿ. ದೊಡ್ಡವು, ಒರಟು, ಆಳವಾಗಿ ಸೀಳಿದಂಥವು. ಅವು ನೆಟ್ಟಗೆ ನಿಂತು ಹೆಚ್ಚುಕಮ್ಮಿ ಉತ್ತರ ದಕ್ಷಿಣಕ್ಕೆ ಅಂಚು ಮಾಡಿಕೊಂಡಿರುತ್ತವೆ. ಬೆಳಗಿನ ಬಿಸಿಲು ಒಂದು ಮೈಗೆ, ಸಂಜೆಯದು ಇನ್ನೊಂದು ಮೈಗೆ. ಸುಡುವ ಮಧ್ಯಾಹ್ನದ ಬಿಸಿಲು ಬರೀ ಅಂಚಿಗೆ ತಾಗುತ್ತದೆ, ಹಾಗಾಗಿ ನೀರು ಜಾಸ್ತಿ ಆರುವುದಿಲ್ಲ. ಪಕ್ಕದಲ್ಲೇ ಪ್ರೇರಿ ಡಾಕ್ ಗಿಡ ಇದ್ದರೆ ಅದರ ಅಗಲ ಎಲೆಯನ್ನು ಎರಡೂ ಅಂಗೈ ಮಧ್ಯೆ ಹಿಡಿಯೋಕೆ ಹೇಳುತ್ತಾರೆ. ಸುಡು ಬಿಸಿಲಲ್ಲೂ ತಣ್ಣಗಿರುತ್ತದೆ! ಬೇರು ಅಷ್ಟು ಆಳದಿಂದ ನೀರು ಎಳೆಯುತ್ತದೆ. ಇಲ್ಲಿನ ಕೆಲವು ಗಿಡಗಳ ಬೇರು 10-15 ಅಡಿ ಇಳಿಯುತ್ತದೆ.

ಅಮ್ಮನಿಗೆ ವೈಲ್ಡ್ ಬರ್ಗಮಾಟ್ ತೋರಿಸಿ. ನಮ್ಮ ತುಳಸಿಯ ಕುಟುಂಬದ್ದೇ. ಕಾಂಡ ಬೆರಳಲ್ಲಿ ಹೊರಳಿಸಿದರೆ ನಾಲ್ಕು ಮೂಲೆ ಸಿಗುತ್ತದೆ, ಎಲೆ ಮೆಲ್ಲಗೆ ಸವರಿದರೆ ಘಮ್ ಅನ್ನುತ್ತದೆ. ಕೀಳಬೇಡಿ ಅಷ್ಟೇ. ಬಿಗ್ ಬ್ಲೂಸ್ಟೆಮ್ ಅನ್ನೋ ಹುಲ್ಲು ಆಗಸ್ಟ್‌ನಲ್ಲಿ ತೆನೆ ಬಿಟ್ಟಾಗ ರಾಗಿ ತೆನೆಯ ಹಾಗೆ ಬೆರಳು ಬಿಚ್ಚಿಕೊಂಡಿರುತ್ತದೆ. ಹೊಲ ಕಂಡವರಿಗೆ ತಕ್ಷಣ ಕಣ್ಣಿಗೆ ಬೀಳುತ್ತದೆ.

ಇಲಿನಾಯ್‌ಗೆ ಪ್ರೇರಿ ಸ್ಟೇಟ್ ಅಂತಲೇ ಹೆಸರು. ಒಂದು ಕಾಲಕ್ಕೆ ಇಲ್ಲಿ ಸುಮಾರು 2.2 ಕೋಟಿ ಎಕರೆ ಪ್ರೇರಿ ಇತ್ತು. ಈ ಬೇರುಗಳು ಹೆಣೆದುಕೊಂಡ ಅಂಟು ಮಣ್ಣು ಹಳೆಯ ನೇಗಿಲಿಗೆ ಬಗ್ಗಲಿಲ್ಲ. 1837ರಲ್ಲಿ ಜಾನ್ ಡಿಯರ್ ಇದೇ ರಾಜ್ಯದಲ್ಲಿ ಉಕ್ಕಿನ ನೇಗಿಲು ಮಾಡಿದ ಮೇಲೆ ಎಲ್ಲಾ ಮೆಕ್ಕೆಜೋಳ, ಸೋಯಾ ಹೊಲ ಆಗುತ್ತಾ ಹೋಯಿತು. ಒಳ್ಳೆಯ ಮೂಲ ಪ್ರೇರಿ ಈಗ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ ಉಳಿದಿದೆ. ಉಳಿದ ಚೂರುಗಳಲ್ಲಿ ಎಷ್ಟೋ ರೈಲು ಹಳಿಯ ಪಕ್ಕದಲ್ಲಿ, ಹಳೆಯ ಸ್ಮಶಾನಗಳಲ್ಲಿ ಇವೆ. ಅಲ್ಲಿ ಯಾರೂ ಉಳಲಿಲ್ಲವಲ್ಲ. ಇದನ್ನು ನೆನೆದರೆ ನನಗೆ ಪ್ರತಿ ಸಲವೂ ಸಂಕಟ ಆಗುತ್ತದೆ.

ಆ ಸ್ಮಶಾನಗಳ ಗಿಡಗಳನ್ನು ಹುಡುಕಿ ಅಭ್ಯಾಸ ಮಾಡಿದವರು ರಾಬರ್ಟ್ ಬೆಟ್ಜ್ ಎಂಬ ಜೀವವಿಜ್ಞಾನಿ. ಬಟೇವಿಯಾದ ಫರ್ಮಿಲ್ಯಾಬ್ ಎಂಬ ಭೌತವಿಜ್ಞಾನ ಪ್ರಯೋಗಾಲಯದಲ್ಲಿ, ಕಣಗಳನ್ನು ಓಡಿಸುತ್ತಿದ್ದ ದೊಡ್ಡ ವರ್ತುಲದ ಒಳಗಿನ ಜಾಗದಲ್ಲಿ 1970ರ ದಶಕದಲ್ಲಿ ಪ್ರೇರಿ ಬೆಳೆಸಿದ್ದು ಅವರೇ. ಬೈಸನ್ ಎಂಬ ಅಮೆರಿಕದ ಕಾಡೆಮ್ಮೆಗಳ ಹಿಂಡೂ ಇದೆ. ಅಪ್ಪನಿಗೆ ವಿಜ್ಞಾನದ ಕಡೆ ಆಸಕ್ತಿ ಇದ್ದರೆ ಅಲ್ಲಿಗೂ ಹೋಗಿ. ಗೇಟಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ವಿಲ್ಮಿಂಗ್ಟನ್ ಹತ್ತಿರದ ಮಿಡೇವಿನ್ ಪ್ರೇರಿ ತುಂಬಾ ದೊಡ್ಡದು, ಮೊದಲು ಮದ್ದುಗುಂಡಿನ ಕಾರ್ಖಾನೆ ಇದ್ದ ಜಾಗ. ಆದರೆ ನೆರಳು ಕಡಿಮೆ. ವಯಸ್ಸಾದವರಿದ್ದರೆ ಅದನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಿ.

ಜುಲೈ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಹೋದರೆ ಚೆನ್ನ, ಬೆಳಗ್ಗೆ ಬೇಗ. ಡುಪೇಜ್, ವಿಲ್ ಕೌಂಟಿಗಳ ಫಾರೆಸ್ಟ್ ಪ್ರಿಸರ್ವ್‌ನವರೂ (ಕೌಂಟಿಯ ಕಾಡು, ಪ್ರೇರಿಗಳನ್ನು ನೋಡಿಕೊಳ್ಳುವವರು) ಕಾರ್ಯಕ್ರಮ ಇಡುತ್ತಾರೆ. ಹೈಕ್ ಅಂತ ಇರುವುದಕ್ಕಿಂತ ಪ್ಲಾಂಟ್ ವಾಕ್, ವೈಲ್ಡ್‌ಫ್ಲವರ್ ವಾಕ್ ಅಂತ ಇರುವುದನ್ನು ನೋಡಿ. ಅದರಲ್ಲಿ ನಡೆಯುವುದಕ್ಕಿಂತ ನಿಲ್ಲುವುದೇ ಜಾಸ್ತಿ, ಮಂಡಿ ನೋವಿರುವವರಿಗೂ ಆಗುತ್ತದೆ.

ಉದ್ದ ಪ್ಯಾಂಟು, ಸಾಕ್ಸು, ಶೂ ಹಾಕಿಸಿ. ರಕ್ತ ಹೀರುವ ಉಣ್ಣೆ ಹುಳು (ಟಿಕ್) ಹತ್ತುತ್ತವೆ, ಲೈಮ್ ಕಾಯಿಲೆ ತರುವ ಜಾತಿಯೂ ಇದೆ. ಮನೆಗೆ ಬಂದ ತಕ್ಷಣ ಮೈಯೆಲ್ಲಾ ನೋಡಿಕೊಳ್ಳಿ. ದಾರಿ ಬದಿಯಲ್ಲಿ ಕೊಡೆ ಬಿಚ್ಚಿದ ಹಾಗೆ ಹಳದಿ ಹೂವಿರುವ ವೈಲ್ಡ್ ಪಾರ್ಸ್ನಿಪ್ ಇದ್ದರೆ ಮುಟ್ಟಬೇಡಿ. ಅದರ ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ.

ಅಪ್ಪ ಅಮ್ಮ ಅಕ್ಟೋಬರ್‌ವರೆಗೆ ಇರುತ್ತಾರಾ? ಹಾಗಾದರೆ ಬೀಜ ಕೊಯ್ಯುವ ದಿನಗಳನ್ನು ವಿಚಾರಿಸಿ. ಸ್ವಯಂಸೇವಕರು ಸೇರಿ ಒಣಗಿದ ತೆನೆಗಳಿಂದ ಬೀಜ ಬಿಡಿಸುತ್ತಾರೆ, ಹೊಸ ಜಾಗದಲ್ಲಿ ಬಿತ್ತೋಕೆ. ಹೊಲದ ಕೆಲಸ ಗೊತ್ತಿರುವವರಿಗೆ ಅಲ್ಲಿ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ, ಇಂಗ್ಲಿಷ್ ಬರಬೇಕು ಅಂತಲೂ ಇಲ್ಲ.