ಅಣ್ಣ ಪುಣೆಯಲ್ಲಿದ್ದಾನೆ, ಜಂಟಿ ಹೊಲ 12 ವರ್ಷದಿಂದ ನಾನೇ ಮಾಡುತ್ತಿದ್ದೇನೆ. ಅವನ ಪಾಲೂ ನನ್ನದಾಗುತ್ತಾ?

ಇಲ್ಲ, ಅಷ್ಟಕ್ಕೇ ಆಗುವುದಿಲ್ಲ. ಕಲಬುರಗಿ ಕೋರ್ಟಿನಲ್ಲಿ ವಕೀಲಿ ಮಾಡುವ ನನ್ನ ಬಳಿ ಆಳಂದ, ಜೇವರ್ಗಿ, ಸೇಡಂ ಕಡೆಯಿಂದ ಬರುವವರು ಜಾಸ್ತಿ ಕೇಳುವ ಪ್ರಶ್ನೆ ಇದೇ.

12 ವರ್ಷ ಕಬ್ಜಾದಲ್ಲಿದ್ದರೆ ಹೊಲ ನಮ್ಮದೇ ಎಂಬ ಮಾತು ಬರುವುದು 1963ರ ಕಾಲಮಿತಿ ಕಾಯ್ದೆಯ 65ನೇ ಅನುಚ್ಛೇದದಿಂದ. ಆದರೆ ಅಲ್ಲಿ ಲೆಕ್ಕ ಶುರುವಾಗುವುದು ನೀವು ಬಿತ್ತಿದ ದಿನದಿಂದಲ್ಲ, ನಿಮ್ಮ ಕಬ್ಜಾ ಮಾಲೀಕನಿಗೆ ವಿರುದ್ಧವಾದ ದಿನದಿಂದ. ಜಂಟಿ ಆಸ್ತಿಯಲ್ಲಿ ಒಬ್ಬನ ಕಬ್ಜಾ ಎಂದರೆ ಎಲ್ಲರ ಕಬ್ಜಾ. ಅಣ್ಣ ಊರಲ್ಲಿಲ್ಲ, ತೊಗರಿ ರಾಶಿ ನೀವೇ ಮಾಡಿದಿರಿ, ದುಡ್ಡೂ ನೀವೇ ಇಟ್ಟುಕೊಂಡಿರಿ ಅಂದರೂ ಸಾಲದು. 'ಇದರಲ್ಲಿ ನಿನಗೆ ಹಕ್ಕಿಲ್ಲ' ಎಂದು ಅವನಿಗೆ ಗೊತ್ತಾಗುವಂತೆ ಬಹಿರಂಗವಾಗಿ ಹೊರಗಿಟ್ಟಿರಬೇಕು, ಆಮೇಲೂ ಅವನು 12 ವರ್ಷ ಸುಮ್ನೆ ಇದ್ದಿರಬೇಕು.

ಪಹಣಿಯ ಸಾಗುವಳಿ ಕಾಲಂನಲ್ಲಿ ನಿಮ್ಮ ಹೆಸರೊಂದೇ ಇದೆಯಾ? ಅದರಿಂದ ಮಾಲೀಕತ್ವ ಬರಲ್ಲ. ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಆ ನಮೂದು ಬೇರೆ ಸಾಕ್ಷ್ಯ ಬರುವವರೆಗೆ ಸರಿ ಎಂದು ಭಾವಿಸುತ್ತಾರೆ, ಅಷ್ಟೇ.

ಇನ್ನೊಂದು ತೊಡಕೂ ಇದೆ, ಜನ ಇದನ್ನು ಗಮನಿಸುವುದೇ ಇಲ್ಲ: ಪ್ರತಿಕೂಲ ಸ್ವಾಧೀನ (ಮಾಲೀಕನಿಗೆ ವಿರುದ್ಧವಾದ ಈ 12 ವರ್ಷದ ಕಬ್ಜಾ) ಎನ್ನಬೇಕಾದರೆ ಆ ಪಾಲಿಗೆ ಅಣ್ಣನೇ ಮಾಲೀಕ ಎಂದು ಮೊದಲು ಒಪ್ಪಬೇಕು. ಅದೇ ದಾವೆಯಲ್ಲಿ 'ಅಪ್ಪ ಪೂರ್ತಿ ನನಗೇ ಕೊಟ್ಟಿದ್ದರು' ಎಂದೂ ಬರೆದರೆ ಎರಡೂ ನಿಲ್ಲುವುದು ಕಷ್ಟ.

ಅಣ್ಣನ ಜೊತೆ ಮಾತಾಡಿ. ಅವನಿಗೆ ಹೊಲ ಬೇಡವಾದರೆ ಹಕ್ಕು ಬಿಡುಗಡೆ ಪತ್ರ ಬರೆಸಿ, ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಳ್ಳಿ. ಬಿಳಿ ಹಾಳೆಯ ಮೇಲಿನ ಸಹಿ ನಂಬಬೇಡಿ.